ಎಡೆದೊರೆಯ ಹೊನ್ನು ಮತ್ತು ಹೊರನಾಡಿನ ಕಂಪೆನಿಗಳು

ವಿಸ್ತಾರವಾದ ದೇಶ, ಅಪಾರವಾದ ಜನಸಂಖ್ಯೆ, ಇನ್ನೂ ಬಳಕೆಗೆ ಬಾರದಿರುವ ನೆಲದ ಸಂಪತ್ತು, ಈ ಮೂರೂ ಒಂದೆಡೆ ಕೂಡಿದಲ್ಲಿ ದೂರದೇಶದ ಬಂಡವಾಳಗಾರರ ದೃಷ್ಟಿಯು ಅತ್ತ ಹರಿಯುವುದು ಲೋಕಸ್ವಭಾವ. ಅವರು ತಮ್ಮೊಡನೆ ಹಣವನ್ನೂ ಯಂತ್ರಗಳನ್ನೂ ಕೆಲಸದ ಅರಿವನ್ನೂ ತರುತ್ತಾರೆ. ಲಾಭವನ್ನು ಕೊಂಡೊಯ್ಯಬೇಕೆಂದು ಬರುತ್ತಾರೆ. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಅವರನ್ನು ಬರಮಾಡಿಕೊಳ್ಳುವುದು ದೇಶಕ್ಕೆ ಹಿತವೋ ಅಹಿತವೋ ಎಂಬ ವಾದವು ಮಾತ್ರ ಬಹುಕಾಲದಿಂದ ನಡೆದುಬಂದಿದೆ. ಕೆಲವರು ವಿದೇಶೀ ಕಂಪೆನಿಯ ಹೆಸರು ಕೇಳಿದೊಡನೆ ಸುಲಿಗೆಯೆನ್ನುತ್ತಾರೆ. ಮತ್ತೆ ಕೆಲವರು ಅದೇ ಹೆಸರನ್ನು ಕೇಳಿ ಏಳಿಗೆಯೆನ್ನುತ್ತಾರೆ. ಎರಡು ಪಕ್ಷಗಳೂ ಬಂದವನ ಗುಣದೋಷಗಳನ್ನು ಎಣಿಸುವುವೇ ಹೊರತು, ಬರಮಾಡಿಕೊಂಡವನು ಏನನ್ನು ಅರಿತು ಏನನ್ನು ಬರೆದುಕೊಟ್ಟನೆಂಬುದನ್ನು ವಿಚಾರಿಸುವುದು ಅಪರೂಪ. ಆ ವಿಚಾರವನ್ನು ಕನ್ನಡ ನಾಡಿನದೇ ಆದ ಒಂದು ನಿದರ್ಶನದಿಂದ ಪರಿಶೀಲಿಸುವುದು ಈ ಭಾಷಣದ ಉದ್ದೇಶ.

ನಿದರ್ಶನವು ರಾಯಚೂರು ಸೀಮೆಯದು. ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಈ ನೆಲವನ್ನು ನಮ್ಮ ಹಳೆಯ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವುದರಿಂದ ಆ ಹೆಸರು. ಇಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಊರುಗಳೂ, ಮಸ್ಕಿಗೆ ನೆರೆಯಾದ ಬಳಗಾನೂರೂ ಇವೆ. ತುಂಗಭದ್ರೆಯ ಎಡದಂಡೆಯ ಕಾಲುವೆ ಬರುವುದಕ್ಕೆ ಮುಂಚೆ ಬಳಗಾನೂರಿನ ಸುತ್ತುಮುತ್ತಲಿನ ರೈತರು ಮಳೆಯನ್ನೇ ನಂಬಿ, ಎರೆಭೂಮಿಯಲ್ಲಿ ಜೋಳವನ್ನೂ ಹತ್ತಿಯನ್ನೂ ಬೆಳೆದುಕೊಂಡಿದ್ದರು. ಮಳೆ ಹೋದ ವರ್ಷ ಬದುಕೇ ಹೋದಂತೆ. 1876ರಿಂದ 1878ರವರೆಗಿನ ಮಹಾಕ್ಷಾಮವು ಈ ಸೀಮೆಯನ್ನು ಬಹಳವಾಗಿ ಬಾಧಿಸಿತು. ಇಂಥ ಬಡನೆಲದ ಒಡಲಿನಲ್ಲಿ ಹೊನ್ನಿದೆಯೆಂಬುದು ಪ್ರಕೃತಿಯ ಒಂದು ವಿನೋದ.

ಹೊರಗಿನವರು ಇಲ್ಲಿಗೆ ಬಂದದ್ದು ಹೊಸದೇನೂ ಅಲ್ಲ. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಮುತ್ತಿದಾಗ, ಕುದುರೆಗಳನ್ನು ಮಾರಲು ಬಂದಿದ್ದ ಪೋರ್ಚುಗೀಸ್ ವರ್ತಕನಾದ ಕ್ರಿಸ್ತೋವಾ ದ ಫಿಗೈರೇದೋ ಎಂಬವನು ತನ್ನ ಕೋವಿಕಾರರೊಡನೆ ಅರಸನಿಗೆ ನೆರವಾದನು. ಕೋಟೆಯ ಮೇಲಿಂದ ಕಾದುವವರನ್ನು ಗುರಿಯಿಟ್ಟು ಹೊಡೆದು, ಕೆಳಗೆ ಗೋಡೆ ಕೆಡಹುವವರಿಗೆ ಅನುಕೂಲ ಮಾಡಿಕೊಟ್ಟನು. ಈ ಕಾಳಗದ ವೃತ್ತಾಂತವನ್ನು ವಿಸ್ತಾರವಾಗಿ ಬರೆದಿಟ್ಟ ನೂನಿಜನೂ ಕುದುರೆಯ ವ್ಯಾಪಾರಿಯೇ. ಆ ವರ್ತಕರು ಕುದುರೆ ತಂದರು, ಬೆಲೆ ಪಡೆದರು, ಹೋದರು. ನೆಲದ ಮೇಲೆ ಯಾವ ಹಕ್ಕನ್ನೂ ಬರೆಯಿಸಿಕೊಳ್ಳಲಿಲ್ಲ. ಮೂರೂವರೆ ಶತಮಾನಗಳ ತರುವಾಯ ಬಂದವರ ಬಗೆಯೇ ಬೇರೆ. ಅವರು ಮಾರಲು ಬಂದವರಲ್ಲ. ನೆಲದೊಳಗಿನದನ್ನು ಗುತ್ತಿಗೆ ಹಿಡಿಯಲು ಬಂದವರು.

ಆದರೆ ಹೊನ್ನನ್ನು ಇಲ್ಲಿ ಮೊದಲು ಕಂಡವರು ಅವರೆಂದು ತಿಳಿಯಲಾಗದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪುರಾತನರು ತೋಡಿದ ಗಣಿಗಳು 600 ಅಡಿಗೂ ಮಿಕ್ಕಿದ ಆಳಕ್ಕೆ ಇಳಿದಿವೆ. ಸಿಡಿಮದ್ದಿಲ್ಲ, ನೀರೆತ್ತುವ ಉಗಿಯಂತ್ರವಿಲ್ಲ, ಉಕ್ಕಿನ ಹಗ್ಗವಿಲ್ಲ. ಬಂಡೆಗೆ ಸೌದೆಯೊಟ್ಟಿ ಬೆಂಕಿಯಿಕ್ಕಿ, ಕಾದ ಕಲ್ಲಿಗೆ ನೀರೆರಚಿ, ಅದು ಬಿರಿದೊಡನೆ ಒಡೆದು ತೆಗೆಯುವುದು ಅವರ ಪದ್ಧತಿ. ಹೊರತಂದ ಬೆಣಚುಕಲ್ಲನ್ನು ಬಂಡೆಗಳ ಮೇಲೆ ಕೊರೆದ ಒರಳುಗಳಲ್ಲಿ ಕುಟ್ಟಿ ಪುಡಿಮಾಡಿ, ನೀರಿನಲ್ಲಿ ಜಾಲಿಸಿ ಹೊನ್ನಿನ ಕಣಗಳನ್ನು ಆರಿಸುತ್ತಿದ್ದರು. ಧಾರವಾಡ ಸೀಮೆಯಲ್ಲಿ ಹಳ್ಳಗಳ ಮರಳನ್ನು ತೊಳೆದು ಚಿನ್ನ ತೆಗೆಯುವ ಜಾಲಗಾರರೆಂಬ ಜನರು ಹತ್ತೊಂಬತ್ತನೆಯ ಶತಮಾನದವರೆಗೂ ಇದ್ದರು. ಹಟ್ಟಿಯ ಹಳೆಯ ಗಣಿಯಲ್ಲಿ ಸಿಕ್ಕಿದ ಮರದ ತುಂಡುಗಳನ್ನು ಈಚಿನ ವಿಜ್ಞಾನಿಗಳು ಪರೀಕ್ಷಿಸಿ, ಅವು ಸುಮಾರು 2000 ವರ್ಷಗಳಷ್ಟು ಹಿಂದಿನವೆಂದು ನಿರ್ಣಯಿಸಿದ್ದಾರೆ. ನಿಜಾಮ ಸಂಸ್ಥಾನದ ಭೂಗರ್ಭಶಾಸ್ತ್ರಜ್ಞನಾಗಿದ್ದ ಮೇಜರ್ ಮನ್ ಎಂಬಾತನು ಈ ಪುರಾತನ ಗಣಿಗಳನ್ನು ಶ್ರದ್ಧೆಯಿಂದ ಹುಡುಕಿ ದಾಖಲೆ ಮಾಡಿದನು. ಈ ಸಂಗತಿಯನ್ನು ನಾವು ಮನಸ್ಸಿನಲ್ಲಿಟ್ಟಿರಬೇಕು. ಏಕೆಂದರೆ ದಕ್ಷಿಣದೇಶದಲ್ಲಿ ಚಿನ್ನವನ್ನರಸಿದ ಯೂರೋಪಿನ ಗಣಿಗಾರರಿಗೆ ದಾರಿ ತೋರಿಸಿದ್ದು ಬಹುಮಟ್ಟಿಗೆ ಇಂಥ ಹಳೆಯ ಕುಳಿಗಳೇ. ನಮ್ಮ ಪೂರ್ವಿಕರ ಅರಿವು ನಮ್ಮ ಸರ್ಕಾರಗಳ ಕಡತಗಳಲ್ಲಿ ಇರಲಿಲ್ಲ. ನೆಲದ ಮೇಲೆ ಬಿದ್ದಿತ್ತು. ಬಂದವರು ಅದನ್ನು ಓದಿಕೊಂಡರು.

ಇನ್ನು, ಆ ಕಾಲದಲ್ಲಿ ಲಂಡನ್ನಿನ ಹಣವು ಹೊರದೇಶಗಳನ್ನು ಅರಸಿಕೊಂಡು ಹೊರಟದ್ದೇಕೆಂಬುದನ್ನು ನೋಡೋಣ. ಯಂತ್ರೋದ್ಯಮಗಳಿಂದ ಇಂಗ್ಲೆಂಡಿನಲ್ಲಿ ಶೇಖರವಾಗಿದ್ದ ಬಂಡವಾಳಕ್ಕೆ ಸ್ವದೇಶದಲ್ಲಿ ದೊರೆಯುತ್ತಿದ್ದ ಬಡ್ಡಿ ಸ್ವಲ್ಪ. ಕೂಡುಬಂಡವಾಳದ ಕಂಪೆನಿಗಳಲ್ಲಿ ಪಾಲುಗಾರನ ಹೊಣೆಯು ಅವನು ಕೊಂಡ ಷೇರಿನ ಮೊಬಲಗಿಗೆ ಮಿತವಾಗಿದ್ದುದರಿಂದ, ಪಾದ್ರಿಗಳೂ ವಿಧವೆಯರೂ ನಿವೃತ್ತ ಸೈನಿಕರೂ ಸಹ ತಾವು ಕಾಣದ ದೇಶಗಳ ಗಣಿಗಳಲ್ಲಿ ಹಣ ಹೂಡಬಲ್ಲವರಾದರು. ಇದರಿಂದ ನಿಜವಾದ ಉದ್ಯಮಕ್ಕೆ ಹಣ ಒದಗಿದಂತೆಯೇ, ಬರಿಯ ಕಾಗದದ ವ್ಯಾಪಾರಕ್ಕೂ ಅವಕಾಶವಾಯಿತು. ಮದರಾಸು ಆಧಿಪತ್ಯದ ವೈನಾಡಿನಲ್ಲಿ 1880ರ ಸುಮಾರಿಗೆ ಎದ್ದ ಚಿನ್ನದ ಅಬ್ಬರವೇ ಇದಕ್ಕೆ ಸಾಕ್ಷಿ. ಹತ್ತಾರು ಕಂಪೆನಿಗಳು ಲಂಡನ್ನಿನಲ್ಲಿ ಹುಟ್ಟಿದುವು; ದೊಡ್ಡ ದೊಡ್ಡ ಬಂಡವಾಳಗಳನ್ನು ಸಾರಿದುವು; ಮೂರು ನಾಲ್ಕು ವರ್ಷಗಳೊಳಗೆ ಬಹುಪಾಲು ಅಳಿದುವು. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದಂತೆ, ಅಲ್ಲಿ ಅದಿರು ಸಿಕ್ಕುವುದಕ್ಕೆ ಮುಂಚೆ ಷೇರು ಮಾರಾಟವಾಗಿತ್ತು.

ಇದೇ ಕಾಲದಲ್ಲಿ ಮೈಸೂರು ಸಂಸ್ಥಾನದ ಕೋಲಾರದಲ್ಲಿ ಬೇರೊಂದು ಕಥೆ ನಡೆಯಿತು. ಅಲ್ಲಿಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಲೆಫ್ಟಿನೆಂಟ್ ವಾರನ್ 1802ರಲ್ಲಿಯೇ ನೋಡಿ ವರದಿ ಬರೆದಿದ್ದನು. ಆ ಬರೆಹವನ್ನೋದಿದ ಲವೆಲ್ ಎಂಬ ಐರಿಷ್ ಸೈನಿಕನು 1873ರ ಬಳಿಕ ಸರ್ಕಾರದಿಂದ ಅನುಮತಿ ಪಡೆದು ಕೆಲಸ ಪ್ರಾರಂಭಿಸಿದನು. ಅವನ ಹಕ್ಕು ಕೈಯಿಂದ ಕೈಗೆ ಹೋಗಿ, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಗಣಿ ಇಂಜಿನಿಯರುಗಳ ಮನೆತನವನ್ನು ತಲುಪಿತು. ಅಲ್ಲಿಯೂ ಹಣ ಮುಗಿದು ಕೈಬಿಡುವ ಪರಿಸ್ಥಿತಿ ಬಂದಿದ್ದಾಗ, ಕ್ಯಾಪ್ಟನ್ ಪ್ಲಮ್ಮರ್ ಎಂಬಾತನು ಹಳೆಯ ಕುಳಿಗಳ ಕೆಳಗೆ ಚಾಂಪಿಯನ್ ಎಂದು ಹೆಸರಾದ ಸಮೃದ್ಧವಾದ ಪಟ್ಟೆಯನ್ನು ಕಂಡುಹಿಡಿದನು. ಕೋಲಾರದ ಹೆಸರು ಲಂಡನ್ನಿನ ಷೇರುಪೇಟೆಯಲ್ಲಿ ಮೊಳಗಿತು. ಕೋಲಾರದಲ್ಲಿ ಇರುವುದು ಎಡೆದೊರೆಯಲ್ಲಿ ಏಕಿರಬಾರದು? ಭೂಗರ್ಭಶಾಸ್ತ್ರಜ್ಞರು ಹೇಳುವಂತೆ ಎರಡೂ ಕಡೆಯ ಬಂಡೆಗಳು ಒಂದೇ ಜಾತಿಯವು. ರಾಬರ್ಟ್ ಬ್ರೂಸ್ ಫೂಟ್ ಎಂಬ ಪ್ರಸಿದ್ಧ ಪಂಡಿತನು ಮಸ್ಕಿಯ ಸುತ್ತಲಿನ ಶಿಲಾಪಟ್ಟಿಯನ್ನು ಆ ಕಾಲದಲ್ಲಿಯೇ ಗುರುತಿಸಿದ್ದನು. ಹೀಗೆ ದೃಷ್ಟಿಯು ನಿಜಾಮರ ರಾಜ್ಯದತ್ತ ತಿರುಗಿತು.

ಹೈದರಾಬಾದಿನ ಅಂದಿನ ಪರಿಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಮೂವತ್ತು ವರ್ಷ ದಿವಾನಗಿರಿ ಮಾಡಿದ ಮೊದಲನೆಯ ಸಾಲಾರ್ ಜಂಗ್ 1883ರ ಫೆಬ್ರವರಿಯಲ್ಲಿ ತೀರಿಕೊಂಡರು. ನಿಜಾಮರಾದ ಮೀರ್ ಮಹಬೂಬ್ ಅಲಿಖಾನರು ಇನ್ನೂ ಚಿಕ್ಕ ಪ್ರಾಯದವರು. 1884ರಲ್ಲಿ ರಾಜ್ಯಾಧಿಕಾರವನ್ನು ವಹಿಸಿಕೊಂಡರು. ಆ ವರ್ಷವೇ ಸಾಲಾರ್ ಜಂಗರ ಮಗನು ದಿವಾನನಾದನು. ರಾಜ್ಯಕ್ಕೆ ರೈಲುದಾರಿಗಳು ಬೇಕಾಗಿದ್ದುವು. ಬೊಕ್ಕಸದಲ್ಲಿ ಅಷ್ಟು ಹಣವಿರಲಿಲ್ಲ. ಆದುದರಿಂದ ಲಂಡನ್ನಿನಲ್ಲಿ ಒಂದು ಕಂಪೆನಿಯನ್ನು ಕಟ್ಟಿ, ಅದರ ಬಂಡವಾಳಕ್ಕೆ ಶೇಕಡ 5ರಂತೆ 20 ವರ್ಷಗಳವರೆಗೆ ಸರ್ಕಾರವೇ ಬಡ್ಡಿಯ ಭರವಸೆ ಕೊಡತಕ್ಕದ್ದೆಂದು ಏರ್ಪಾಟಾಯಿತು. ರೈಲು ಓಡಿ ಲಾಭ ಬಂದರೆ ಪಾಲುಗಾರನಿಗೆ. ಲಾಭ ಬಾರದಿದ್ದರೂ ಪಾಲುಗಾರನಿಗೆ ನಷ್ಟವಿಲ್ಲ, ತುಂಬಿಕೊಡುವವನು ರೈತ. ಚಾಂದಾ ರೈಲ್ವೆಯೆಂದು ಹೆಸರಾದ ಈ ಏರ್ಪಾಟಿನ ಷರತ್ತುಗಳನ್ನು ಪ್ರಜೆಗಳಿಗೆ ತಿಳಿಸಬೇಕೆಂದು 1883ರಲ್ಲಿ ಕೆಲವು ವಿದ್ಯಾವಂತರು ಸಭೆ ಸೇರಿ ಕೇಳಿದರು. ಅವರಲ್ಲಿ ಮುಖ್ಯರು ಕಾಲೇಜಿನ ಉಪಾಧ್ಯಾಯರಾಗಿದ್ದ ಅಘೋರನಾಥ ಚಟ್ಟೋಪಾಧ್ಯಾಯರು, ಕವಯಿತ್ರಿ ಸರೋಜಿನೀ ನಾಯಿಡು ಅವರ ತಂದೆ. ಕೇಳಿದ್ದಕ್ಕೆ ಅವರಿಗೆ ದೊರೆತ ಉತ್ತರವೆಂದರೆ ರಾಜ್ಯದಿಂದ ಗಡೀಪಾರು. ಒಪ್ಪಂದವನ್ನು ವಿರೋಧಿಸಿದ್ದಕ್ಕಿಂತಲೂ, ಅದನ್ನು ಓದಿ ನೋಡಬೇಕೆಂದು ಬಯಸಿದ್ದೇ ಅವರ ಅಪರಾಧವಾಯಿತು.

ಪ್ರಶ್ನೆ ಕೇಳುವವರಿಲ್ಲದಂತಾದ ಮೇಲೆ ಮುಂದಿನ ಕಾರ್ಯ ಸುಲಭವಾಯಿತು. 1886ರ ಜನವರಿಯಲ್ಲಿ ವಾಟ್ಸನ್ ಮತ್ತು ಸ್ಟೂಅರ್ಟ್ ಎಂಬ ಇಬ್ಬರು ಆಂಗ್ಲರಿಗೆ ನಿಜಾಮರ ರಾಜ್ಯದ ಖನಿಜಗಳನ್ನು ಶೋಧಿಸಿ ತೆಗೆಯುವ ಹಕ್ಕನ್ನು 99 ವರ್ಷಗಳ ಗುತ್ತಿಗೆಯ ಮೇಲೆ ಕೊಡಲಾಯಿತು. ಇದರ ಮಾತುಕತೆಯನ್ನು ಸಂಸ್ಥಾನದ ಕಡೆಯಿಂದ ನಡೆಸಿದವನು ಸರ್ದಾರ್ ಅಬ್ದುಲ್ ಹಕ್ ಎಂಬ ಉನ್ನತ ಅಧಿಕಾರಿ. ರೈಲ್ವೆಯ ವ್ಯವಹಾರದಲ್ಲಿಯೂ ಮುಂದಾಳಾಗಿದ್ದವನು ಇವನೇ. ಅದೇ ವರ್ಷ ಲಂಡನ್ನಿನಲ್ಲಿ ಹೈದರಾಬಾದ್ ಡೆಕ್ಕನ್ ಕಂಪೆನಿಯು ಹುಟ್ಟಿತು. ಅದರ ಬಂಡವಾಳದ ಲೆಕ್ಕವನ್ನು ಶ್ರೋತೃಗಳು ದಯವಿಟ್ಟು ಗಮನಿಸಬೇಕು. ಒಟ್ಟು ಹತ್ತು ಲಕ್ಷ ಪೌಂಡು; ಹತ್ತು ಪೌಂಡಿನ 1,00,000 ಷೇರುಗಳು. ಇವುಗಳಲ್ಲಿ 85,000 ಷೇರುಗಳನ್ನು, ಹಣ ಪೂರ್ತಿ ಸಂದಾಯವಾದಂತೆ ಭಾವಿಸಿ, ಗುತ್ತಿಗೆ ಪಡೆದಿದ್ದವರಿಗೇ ಬರೆದುಕೊಡಲಾಯಿತು. ಅವರು ಕೊಟ್ಟದ್ದು ನಗದಲ್ಲ, ಗುತ್ತಿಗೆಯ ಕಾಗದ. ಸಾರ್ವಜನಿಕರಿಗಾಗಿ ಉಳಿದ ಷೇರುಗಳು 15,000 ಮಾತ್ರ. ಗಣಿ ತೋಡಲು, ಯಂತ್ರ ತರಲು, ಕೂಲಿ ಕೊಡಲು ಬೇಕಾದ ಹಣವೆಲ್ಲ ಈ ಹದಿನೈದು ಪಾಲಿನಿಂದ ಹುಟ್ಟಬೇಕು. ಲಾಭ ಬಂದರೆ ನೂರಕ್ಕೆ ಎಂಬತ್ತೈದು ಪಾಲು ಒಂದು ಕಾಸನ್ನೂ ನೆಲಕ್ಕೆ ಹಾಕದವರಿಗೆ ಸೇರಬೇಕು.

ಅನರ್ಥವು ಅಷ್ಟಕ್ಕೇ ನಿಲ್ಲಲಿಲ್ಲ. ಕಂಪೆನಿಯಲ್ಲಿ ಸಂಸ್ಥಾನಕ್ಕೂ ಪಾಲಿರಲೆಂದು ಹೈದರಾಬಾದ್ ಸರ್ಕಾರವು ಷೇರುಗಳನ್ನು ಕೊಳ್ಳಲು ನಿಶ್ಚಯಿಸಿ, ಆ ಕೆಲಸವನ್ನು ಅಬ್ದುಲ್ ಹಕ್ಕನಿಗೆ ಒಪ್ಪಿಸಿತು. ಅವನಾದರೋ ಗುತ್ತಿಗೆದಾರರಿಂದ ತನಗೆ ಸಂದಿದ್ದ ಷೇರುಗಳನ್ನೇ, ಪೇಟೆಯಲ್ಲಿ ಕೊಂಡಂತೆ ತೋರಿಸಿ, ಮುಖಬೆಲೆಗೂ ಹೆಚ್ಚಿನ ಬೆಲೆಗೆ ತನ್ನ ಸರ್ಕಾರಕ್ಕೆ ಮಾರಿದನು. ಎಂದರೆ, ಸಂಸ್ಥಾನವು ತನ್ನದೇ ಆದ ಖನಿಜದ ಹಕ್ಕನ್ನು ಬಿಟ್ಟುಕೊಟ್ಟು, ಅದೇ ಹಕ್ಕಿನ ಒಂದು ತುಣುಕನ್ನು ತನ್ನದೇ ಆದ ಹಣ ತೆತ್ತು ಕೊಂಡುಕೊಂಡಿತು. ಗುಟ್ಟು ಬಯಲಾದಾಗ ಲಂಡನ್ನಿನಲ್ಲಿಯೂ ಕೋಲಾಹಲವಾಯಿತು. 1888ರಲ್ಲಿ ಪಾರ್ಲಿಮೆಂಟಿನ ಕಾಮನ್ಸ್ ಸಭೆಯು ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ನಿಜಾಮ ಸರ್ಕಾರದ ಪರವಾಗಿ ಮೆಹ್ದಿ ಅಲಿ, ಎಂದರೆ ಮುಂದೆ ಅಲೀಗಢ ಕಾಲೇಜಿನ ಕಾರ್ಯದರ್ಶಿಗಳಾಗಿ ಹೆಸರಾದ ನವಾಬ್ ಮೊಹ್ಸಿನ್-ಉಲ್-ಮುಲ್ಕ್ ಅವರು ಇಂಗ್ಲೆಂಡಿಗೆ ಹೋಗಿ ವಾದವನ್ನು ನೋಡಿಕೊಂಡರು. ಅಬ್ದುಲ್ ಹಕ್ ಅಧಿಕಾರದಿಂದ ತೊಲಗಬೇಕಾಯಿತು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬಂತೆ ವಿಚಾರಣೆ ಮುಗಿಯಿತು. ಕಂಪೆನಿಯು ಮಾತ್ರ ಉಳಿಯಿತು.

ಈ ವ್ಯವಹಾರದ ಸಹಿಗಳು ಹೈದರಾಬಾದಿನಲ್ಲಿ ಆದುವು. ಷೇರುಗಳು ಲಂಡನ್ನಿನಲ್ಲಿ ಮಾರಾಟವಾದುವು. ಸಾಕ್ಷಿವಿಚಾರಣೆ ವೆಸ್ಟ್‌ಮಿನ್‌ಸ್ಟರಿನಲ್ಲಿ ನಡೆಯಿತು. ಹೊನ್ನು ಎಲ್ಲಿತ್ತೋ ಆ ಎಡೆದೊರೆಯಲ್ಲಿ ಮಾತ್ರ ಯಾರನ್ನೂ ಯಾರೂ ಏನನ್ನೂ ಕೇಳಲಿಲ್ಲ. ಆಗ ಲಿಂಗಸುಗೂರೇ ಒಂದು ಜಿಲ್ಲೆಯ ಮುಖ್ಯಸ್ಥಳ. 1905ರಲ್ಲಿ ಆ ಜಿಲ್ಲೆಯನ್ನು ಒಡೆದು, ಲಿಂಗಸುಗೂರು ಸಿಂಧನೂರು ತಾಲ್ಲೂಕುಗಳನ್ನು ರಾಯಚೂರಿಗೆ ಸೇರಿಸಿದರು. ಬಳಗಾನೂರಿನ ಒಬ್ಬ ರೈತನಿಗೆ ತನ್ನ ಹೊಲದ ಕಂದಾಯವೆಷ್ಟೆಂಬುದು ತಿಳಿದಿತ್ತು. ತನ್ನ ಸೀಮೆಯ ಒಡಲನ್ನು ಮುಂದಿನ 99 ವರ್ಷಗಳಿಗೆ ಪರರಿಗೆ ಬರೆದುಕೊಟ್ಟಾಗಿದೆಯೆಂಬುದು ತಿಳಿಯುವ ಬಗೆ ಇರಲಿಲ್ಲ. ಬಡ್ಡಿಯ ಭರವಸೆಗೂ ಷೇರಿನ ಬೆಲೆಗೂ ಹೋದ ಹಣದಲ್ಲಿ ಅವನ ಕಂದಾಯದ ಪಾಲೂ ಸೇರಿತ್ತೆಂಬುದನ್ನು ನಾವು ಮರೆಯಬಾರದು.

ಇನ್ನು ಗಣಿಯ ಕೆಲಸದ ವಿಷಯ. ಲಿಂಗಸುಗೂರಿನ ಸೀಮೆಯಲ್ಲಿ ವಂದಲಿ, ತೊಪ್ಪಲದೊಡ್ಡಿ, ಹಟ್ಟಿ ಮೊದಲಾದ ಸ್ಥಳಗಳಲ್ಲಿ ಪ್ರಯತ್ನಗಳು ನಡೆದುವು. ನಿಂತು ಫಲ ಕೊಟ್ಟದ್ದು ಹಟ್ಟಿಯೊಂದೇ. ಜಾನ್ ಟೇಲರ್ ಮನೆತನದವರು 1902ರಿಂದ 1920ರವರೆಗೆ ಅಲ್ಲಿ ಗಣಿಯನ್ನು ನಡೆಸಿದರು. ಅವರು ಕೆಲಸಬಲ್ಲವರು, ಕಾಗದದ ವರ್ತಕರಲ್ಲ. ಆದರೆ ಅವರಿಗೆದುರಾದ ಅಡಚಣೆಗಳು ಸಾಮಾನ್ಯವಾದುವಲ್ಲ. ರಾಯಚೂರಿನ ರೈಲ್ವೆ ನಿಲ್ದಾಣವು 40 ಮೈಲಿಗೂ ಮಿಕ್ಕಿದ ದೂರದಲ್ಲಿತ್ತು. ಭಾರವಾದ ಯಂತ್ರಭಾಗಗಳೆಲ್ಲ ಎರೆಮಣ್ಣಿನ ನಾಡನ್ನು ಹಾದು ಬರಬೇಕು; ಮಳೆಗಾಲದಲ್ಲಿ ಆ ಮಣ್ಣು ಗಾಲಿಯನ್ನು ಹಿಡಿದರೆ ಬಿಡುವುದಿಲ್ಲ. ಕಾಡು ವಿರಳವಾದ ಸೀಮೆಯಾದುದರಿಂದ ಸೌದೆಗೂ ತೊಲೆಗೂ ಕಷ್ಟ. ಕೋಲಾರಕ್ಕೆ 1902ರಲ್ಲಿಯೇ ಕಾವೇರಿಯ ವಿದ್ಯುಚ್ಛಕ್ತಿ ಬಂದಿತು. ಹಟ್ಟಿಗೆ ಅಂಥ ನೆರವು ಇರಲಿಲ್ಲ.

ಇವೆಲ್ಲಕ್ಕಿಂತ ಮಿಗಿಲಾಗಿ ಚಿನ್ನದ ವ್ಯಾಪಾರಕ್ಕೆ ಒಂದು ವಿಲಕ್ಷಣವಾದ ಕಟ್ಟು ಇತ್ತು. ಬಟ್ಟೆ ನೇಯುವವನು ನೂಲಿನ ಬೆಲೆ ಏರಿದರೆ ಬಟ್ಟೆಯ ಬೆಲೆಯನ್ನೂ ಏರಿಸಬಹುದು. ಚಿನ್ನ ತೆಗೆಯುವವನಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಇಂಗ್ಲೆಂಡಿನ ನಾಣ್ಯದ ಕಾನೂನು ಚಿನ್ನದ ಬೆಲೆಯನ್ನು ಇಪ್ಪತ್ತೆರಡು ಕ್ಯಾರಟ್ಟಿನ ಔನ್ಸಿಗೆ 3 ಪೌಂಡು 17 ಷಿಲ್ಲಿಂಗು 10½ ಪೆನ್ಸು ಎಂದು ಕಟ್ಟಿಹಾಕಿತ್ತು. ಉಕ್ಕು, ಸಿಡಿಮದ್ದು, ಸೌದೆ, ಕೂಲಿ ಎಲ್ಲದರ ವೆಚ್ಚ ಏರಿದರೂ ಸರಕಿನ ಬೆಲೆ ಏರದು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಸಾಮಾನುಗಳ ಬೆಲೆ ಎಷ್ಟೇರಿತೆಂಬುದು ಚರಿತ್ರೆ ಓದಿದವರಿಗೆಲ್ಲ ಗೊತ್ತು. ಅಂಥ ಕಾಲದಲ್ಲಿ ಸಮೃದ್ಧವಾದ ಅದಿರಿರುವ ಗಣಿ ಉಳಿಯುತ್ತದೆ; ಸಾಧಾರಣವಾದ ಅದಿರಿನ ಗಣಿ ತತ್ತರಿಸುತ್ತದೆ. 1920ರಲ್ಲಿ ಹಟ್ಟಿಯ ಕೆಲಸ ನಿಂತಿತು. ಬಂಡವಾಳಕ್ಕೆ ಊರಿಲ್ಲ, ಅದು ಎದ್ದು ಬೇರೆಡೆಗೆ ಹೋಗಬಲ್ಲದು. ಕುಳಿಯೂ ಕೂಲಿಗಾರನೂ ಮಾತ್ರ ಇದ್ದಲ್ಲಿಯೇ ಉಳಿಯುತ್ತಾರೆ.

ಈ ನಡುವೆ, ಯಾರ ಲೆಕ್ಕದಲ್ಲಿಯೂ ಇಲ್ಲದ ಒಂದು ಲಾಭವು ನಾಡಿಗೆ ದೊರೆಯಿತು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರನು ಮಸ್ಕಿಯ ಗುಡ್ಡದಲ್ಲಿ, ಬಂಡೆಯೊಂದರ ಮೇಲೆ ಪುರಾತನವಾದ ಅಕ್ಷರಗಳನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅದು ಮೌರ್ಯ ಚಕ್ರವರ್ತಿಯ ಧರ್ಮಲಿಪಿ. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದುವೇ ಹೊರತು ಅರಸನ ಹೆಸರು ಇರಲಿಲ್ಲ. ಮಸ್ಕಿಯ ಬಂಡೆಯು ಅಶೋಕನೆಂಬ ಹೆಸರನ್ನು ಸ್ಪಷ್ಟವಾಗಿ ನುಡಿಯಿತು. 1837ರಲ್ಲಿ ಪ್ರಿನ್ಸೆಪ್ ಆ ಲಿಪಿಯನ್ನು ಓದಿದಂದಿನಿಂದ ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಮಾಡಿಕೊಂಡಿದ್ದ ನಿರ್ಣಯವು ಕಲ್ಲಿನ ಸಾಕ್ಷಿಯಿಂದ ದೃಢವಾಯಿತು. 1892ರಲ್ಲಿ ರೈಸ್ ಸಾಹೇಬರು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯ ಬಳಿ ಕಂಡುಹಿಡಿದಿದ್ದ ಅಶೋಕನ ಶಾಸನಗಳಲ್ಲಿ ಸುವರ್ಣಗಿರಿಯೆಂಬ ದಕ್ಷಿಣದ ಪ್ರಾಂತರಾಜಧಾನಿಯ ಹೆಸರಿದೆ. ಅದು ಮಸ್ಕಿಯೆಂದು ಕೆಲವರೂ, ಕನಕಗಿರಿಯೆಂದು ಕೆಲವರೂ, ಆಂಧ್ರದ ಜೊನ್ನಗಿರಿಯೆಂದು ಮತ್ತೆ ಕೆಲವರೂ ಊಹಿಸಿದ್ದಾರೆ. ಮಗಧದ ಅರಸರ ಕಣ್ಣೂ ಈ ನಾಡಿನ ಹೊನ್ನಿನ ಮೇಲೆ ಇದ್ದಿರಬೇಕೆಂಬ ವಿದ್ವಾಂಸರ ಊಹೆಗೆ ಈ ಹೆಸರು ಬಲ ಕೊಡುತ್ತದೆ. ಚಿನ್ನವನ್ನರಸಿದ ಬೀಡನನಿಗೆ ಸಿಕ್ಕಿದ್ದು ಚರಿತ್ರೆ; ಪಾಲುಗಾರರಿಗೆ ಅದರಿಂದ ಒಂದು ಪೆನ್ನಿಯೂ ಬರಲಿಲ್ಲ, ನಮಗೆ ಮಾತ್ರ ಬೆಲೆಕಟ್ಟಲಾಗದ ವಸ್ತು ದೊರೆಯಿತು.

ಹಾಗಾದರೆ ಹೊರನಾಡಿನ ಕಂಪೆನಿಗಳಿಂದ ನಾಡಿಗೆ ದೊರೆಯುವ ಲಾಭವೆಲ್ಲ ಇಂಥ ಆಕಸ್ಮಿಕವೇ? ಹಾಗೇನೂ ಇಲ್ಲ. ಹೈದರಾಬಾದ್ ಡೆಕ್ಕನ್ ಕಂಪೆನಿಯೇ ತನ್ನ ಗುತ್ತಿಗೆಯ ಬಲದಿಂದ ತೆಲುಗು ಸೀಮೆಯ ಸಿಂಗರೇಣಿಯಲ್ಲಿ ಕಲ್ಲಿದ್ದಲಿನ ಗಣಿಗಳನ್ನು ತೆರೆಯಿತು. ಅಲ್ಲಿ ಅದಿರೂ ಇತ್ತು, ಕೊಳ್ಳುವ ರೈಲ್ವೆಯೂ ಇತ್ತು, ಉದ್ಯಮವು ಬೇರೂರಿತು. 1920ರಲ್ಲಿ ಸಿಂಗರೇಣಿ ಕಾಲಿಯರೀಸ್ ಎಂಬ ಹೆಸರಿನಿಂದ ಬೇರೆ ಕಂಪೆನಿಯಾಯಿತು. 1945ರಲ್ಲಿ ನಿಜಾಮ ಸರ್ಕಾರವು ಅದನ್ನು ಕೊಂಡುಕೊಂಡಿತು. ರೈಲ್ವೆಯನ್ನು 1930ರಲ್ಲಿಯೇ ಕೊಂಡಾಗಿತ್ತು. ಒಮ್ಮೆ ಕೈಬಿಟ್ಟದ್ದನ್ನು ಬೆಲೆ ತೆತ್ತು ಹಿಂದಕ್ಕೆ ಪಡೆಯುವುದಕ್ಕೆ ಅರ್ಧ ಶತಮಾನ ಹಿಡಿಯಿತು.

ಮೈಸೂರಿನ ಮಾರ್ಗವನ್ನು ಇದರೊಡನೆ ಹೋಲಿಸಿ ನೋಡಬಹುದು. ಕೋಲಾರದಲ್ಲಿ ಸಂಸ್ಥಾನವು ಗಣಿಯ ಷೇರುಗಳ ಬೆನ್ನು ಹತ್ತಲಿಲ್ಲ. ತೆಗೆದ ಚಿನ್ನದ ಬೆಲೆಯಲ್ಲಿ ಶೇಕಡ 5 ರಾಜಧನವನ್ನು ಗೊತ್ತುಮಾಡಿತು. ಕಂಪೆನಿಗೆ ಲಾಭ ಬಂದಿತೋ ಇಲ್ಲವೋ ಎಂಬುದರ ಮೇಲೆ ಈ ಪಾಲು ನಿಂತಿರಲಿಲ್ಲ. ಕರಗಿಸಿದ ಗಟ್ಟಿಯ ತೂಕದ ಮೇಲೆ ನಿಂತಿತ್ತು. ಲಂಡನ್ನಿನ ಲೆಕ್ಕಿಗನು ಲಾಭವನ್ನು ಬೇಕಾದಂತೆ ಬರೆಯಬಲ್ಲನು, ಚಿನ್ನದ ತೂಕವನ್ನು ಹಾಗೆ ಬರೆಯುವುದು ಕಷ್ಟ. ಇನ್ನೂ ಜಾಣತನದ ಕಾರ್ಯವೆಂದರೆ ಶಿವನಸಮುದ್ರದ ವಿದ್ಯುದಾಗಾರ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಯೋಜಿತವಾಗಿ, 1902ರಲ್ಲಿ ಕೋಲಾರಕ್ಕೆ 92 ಮೈಲಿಗಳ ದೂರ ವಿದ್ಯುತ್ತನ್ನು ಕಳುಹಿಸಿದ ಈ ಕಾರ್ಯದಲ್ಲಿ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯವೂ ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪೆನಿಯವೂ ಆಗಿದ್ದುವು. ವಿದ್ಯುತ್ತನ್ನು ಕೊಳ್ಳುವವರೂ ಆಂಗ್ಲ ಕಂಪೆನಿಗಳೇ. ಆದರೆ ಜಲಪಾತವೂ ಆಗಾರವೂ ತಂತಿಯೂ ಸಂಸ್ಥಾನದ ಸ್ವತ್ತು. ಹೊರಗಿನವರಿಗೆ ಇಲ್ಲಿ ವ್ಯಾಪಾರಾವಕಾಶ ಧಾರಾಳವಾಗಿಯೇ ದೊರೆಯಿತು. ಆದರೂ ಮೈಸೂರು ತನ್ನ ನೀರಿನ ಹಕ್ಕನ್ನು ಯಾರಿಗೂ ಬರೆದುಕೊಡಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ್ದು ಅದೇ ವಿದ್ಯುತ್ತಿನಿಂದ.

ಮೈಸೂರಿನದೆಲ್ಲವೂ ಸರಿಯೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಚಿನ್ನದ ಬೆಲೆಯ ನೂರು ಪಾಲಿನಲ್ಲಿ ಐದು ಅಲ್ಪವೇ ಸರಿ. ದೊಡ್ಡ ಲಾಭಾಂಶಗಳು ಹಡಗನ್ನೇರಿ ಹೋದುವು. 1956ರಲ್ಲಿ ಗಣಿಗಳನ್ನು ಮೈಸೂರು ಸರ್ಕಾರವು ವಹಿಸಿಕೊಳ್ಳುವ ಹೊತ್ತಿಗೆ ಒಳ್ಳೆಯ ಅದಿರು ಬಹುಮಟ್ಟಿಗೆ ತೀರಿತ್ತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿ, 2001ರಲ್ಲಿ ಮುಚ್ಚಿಹೋದುವು. ಅರೆದ ಕಲ್ಲಿನ ಪುಡಿಯ ಗುಡ್ಡಗಳು ಅಲ್ಲಿ ಇಂದಿಗೂ ನಿಂತಿವೆ. ಆದರೂ ನೆಲವನ್ನರಿತು ಮಾಡಿಕೊಂಡ ಒಪ್ಪಂದಕ್ಕೂ, ಅರಿಯದೆ ಹಾಕಿದ ಸಹಿಗೂ ಇರುವ ವ್ಯತ್ಯಾಸವನ್ನು ಈ ಎರಡು ಸಂಸ್ಥಾನಗಳ ಚರಿತ್ರೆಯು ಎತ್ತಿ ತೋರಿಸುತ್ತದೆ.

ಹಟ್ಟಿಯ ಕಥೆಗೆ ಒಂದು ಉತ್ತರಾರ್ಧವುಂಟು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಕಂಪೆನಿಯು ಸಂಸ್ಥಾನದಲ್ಲಿಯೇ ಸ್ಥಾಪಿತವಾಗಿ, ಆಂಗ್ಲರು ಬಿಟ್ಟುಹೋದ ಗಣಿಯನ್ನು ಪುನಃ ತೆರೆಯಿತು. 1948ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1956ರಲ್ಲಿ ರಾಯಚೂರು ಜಿಲ್ಲೆಯು ಕನ್ನಡ ರಾಜ್ಯಕ್ಕೆ ಬಂದಾಗ ಗಣಿಯೂ ಅದರೊಡನೆ ಬಂದಿತು. ಕೋಲಾರವು ಮುಚ್ಚಿದ ಮೇಲೂ ಹಟ್ಟಿಯ ಚಿನ್ನದ ಗಣಿ ಕರ್ನಾಟಕ ಸರ್ಕಾರದ ಉದ್ಯಮವಾಗಿ ನಡೆದುಬಂದಿದೆ. ಲಂಡನ್ನಿನ ಲೆಕ್ಕಕ್ಕೆ ಸಾಲದೆಂದು ತೋರಿದ ಗಣಿಯು ನಾಡಿನ ಲೆಕ್ಕಕ್ಕೆ ಎಷ್ಟೋ ದಶಕಗಳು ಒದಗಿತು. ಕಾಲವೂ ಬದಲಾಗಿತ್ತು, ಚಿನ್ನದ ಬೆಲೆಯ ಕಟ್ಟೂ ಸಡಿಲಿತ್ತು ಎಂಬುದು ನಿಜ. ಆದರೆ ಶೇಕಡ ಎಂಬತ್ತೈದರ ಕಾಗದದ ಭಾರವನ್ನು ಹೊರದ ಉದ್ಯಮವು ಕಷ್ಟಕಾಲವನ್ನು ತಾಳಿಕೊಳ್ಳಬಲ್ಲದೆಂಬುದೂ ಅಷ್ಟೇ ನಿಜ.

ಚರಿತ್ರೆಯ ಚಕ್ರವು ಮತ್ತೊಮ್ಮೆ ತಿರುಗಿದೆ. 1993ರ ರಾಷ್ಟ್ರೀಯ ಖನಿಜನೀತಿಯು ಅದುವರೆಗೆ ಸರ್ಕಾರಕ್ಕೆ ಮೀಸಲಾಗಿದ್ದ ಚಿನ್ನ ಮೊದಲಾದ 13 ಖನಿಜಗಳನ್ನು ಖಾಸಗಿಯವರಿಗೆ ತೆರೆಯಿತು. ವಿದೇಶೀ ಬಂಡವಾಳಕ್ಕೂ ಬಾಗಿಲು ತೆರೆಯಿತು. 2015ರಲ್ಲಿ ಗಣಿಯ ಕಾನೂನನ್ನು ತಿದ್ದಿ, ಗುತ್ತಿಗೆಯನ್ನು ಬಹಿರಂಗವಾದ ಹರಾಜಿನಿಂದಲೇ ಕೊಡತಕ್ಕದ್ದೆಂದೂ, ಗಣಿಯಿಂದ ಬಾಧಿತರಾಗುವ ಜನರ ಹಿತಕ್ಕಾಗಿ ಗಣಿಗಾರಿಕೆಯಿಂದ ಬಾಧಿತವಾದ ಜಿಲ್ಲೆಗಳಲ್ಲಿ ಖನಿಜ ಪ್ರತಿಷ್ಠಾನವೊಂದು ಇರತಕ್ಕದ್ದೆಂದೂ ವಿಧಿಸಲಾಯಿತು. 1886ರ ಸನ್ನದಿನಲ್ಲಿ ಇಲ್ಲದೆ ಹೋದ ಎರಡು ಸಂಗತಿಗಳು, ಎಂದರೆ ಬಹಿರಂಗತೆ ಮತ್ತು ನೆಲದವನ ಪಾಲು, ಇಲ್ಲಿ ಅಕ್ಷರರೂಪದಲ್ಲಿಯಾದರೂ ಬಂದಿವೆ. ಅಕ್ಷರವು ಆಚರಣೆಯಾಗುವಂತೆ ನೋಡಿಕೊಳ್ಳುವುದು ಪ್ರಜೆಗಳ ಕೆಲಸ.

ಆದುದರಿಂದ ವಿದೇಶೀ ಕಂಪೆನಿಯು ಬರಬೇಕೇ ಬಾರದೇ ಎಂಬ ಪ್ರಶ್ನೆಯು ನನಗೆ ಎರಡನೆಯದಾಗಿ ತೋರುತ್ತದೆ. ಅದಕ್ಕೆ ಮೊದಲು ಕೇಳತಕ್ಕ ಪ್ರಶ್ನೆಗಳು ಮೂರು. ನಾವು ಕೊಡುತ್ತಿರುವುದು ಎಷ್ಟು ಬೆಲೆಯದೆಂಬುದನ್ನು ನಾವೇ ಅಳೆದು ನೋಡಿದ್ದೇವೆಯೆ? ಬರುವವನು ನಿಜವಾಗಿ ತರುವ ಹಣವೆಷ್ಟು, ಕಾಗದವೆಷ್ಟು? ಒಪ್ಪಂದವನ್ನು ಓದಲು ಬಯಸುವವನಿಗೆ ಅದು ದೊರೆಯುತ್ತದೆಯೆ, ಇಲ್ಲವೆ ಅವನಿಗೆ ಗಡೀಪಾರು ಕಾದಿದೆಯೆ? ಅಘೋರನಾಥರು 1883ರಲ್ಲಿ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ದೊರೆತಿದ್ದರೆ, 1888ರಲ್ಲಿ ಸಮುದ್ರ ದಾಟಿಹೋಗಿ ಪರರ ಪಾರ್ಲಿಮೆಂಟಿನ ಮುಂದೆ ನ್ಯಾಯ ಕೇಳುವ ಪರಿಸ್ಥಿತಿ ಹೈದರಾಬಾದಿಗೆ ಒದಗುತ್ತಿರಲಿಲ್ಲವೆಂದು ನಾನು ಭಾವಿಸುತ್ತೇನೆ.

ಮಸ್ಕಿಯ ಬಂಡೆಯ ಮೇಲೆ ಅರಸನೊಬ್ಬನು ತಾನು ಪ್ರಜೆಗಳಿಗೆ ಹೇಳಬೇಕಾದದ್ದನ್ನು ಎಲ್ಲರೂ ಕಾಣುವಂತೆ ಕೊರೆಯಿಸಿದನು. ಅದೇ ನೆಲದ ಹೊನ್ನಿನ ಸನ್ನದನ್ನು ಎರಡು ಸಾವಿರ ವರ್ಷಗಳ ತರುವಾಯದ ಅಧಿಕಾರಿಗಳು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರು. ಬಳಗಾನೂರಿನ ರೈತನ ಮಕ್ಕಳಿಗೆ ಇಂದು ಓದು ಬಂದಿದೆ. ತಮ್ಮ ಸೀಮೆಯ ಹೆಸರಿನಲ್ಲಿ ಬರೆಯುವ ಕರಾರನ್ನು ತಾವೇ ಓದಿ ನೋಡುವ ಹಕ್ಕನ್ನು ಅವರು ಕೇಳಿ ಪಡೆಯಲಿ.